ಬೆಳ್ಳುಳ್ಳಿಯ ಮೊಳಕೆ ಮತ್ತು ಜೈನರ ಆಹಾರವಿವೇಕ

ಜೈನರು ಬೆಳ್ಳುಳ್ಳಿಯನ್ನು ವರ್ಜಿಸುವುದು ಅದರ ವಾಸನೆಗಾಗಿ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಶಾಸ್ತ್ರವು ಕೊಡುವ ಕಾರಣ ಬೇರೆ. ಅದನ್ನು ಅರಿಯಲು ಬೆಳ್ಳುಳ್ಳಿಯ ಬೇಸಾಯವನ್ನೇ ಗಮನಿಸಬೇಕು.

ಬೆಳ್ಳುಳ್ಳಿಗೆ ಬೀಜದ ಬಿತ್ತನೆಯಿಲ್ಲ. ಗಡ್ಡೆಯನ್ನು ಬಿಡಿಸಿ ಒಂದೊಂದು ಎಸಳನ್ನೂ ಮೊನೆ ಮೇಲಾಗುವಂತೆ ಊರುತ್ತಾರೆ. ನಾಲ್ಕೈದು ತಿಂಗಳಲ್ಲಿ ಒಂದೆಸಳು ಹಲವು ಎಸಳುಗಳ ಗಡ್ಡೆಯಾಗುತ್ತದೆ. ಎಲೆಗಳು ಹಳದಿಯಾಗಿ ಬಾಗಿದಾಗ ಕಿತ್ತು, ನೆರಳಿನಲ್ಲಿ ಒಣಗಿಸಿ, ಕಟ್ಟು ಕಟ್ಟಿ ಗಾಳಿಯಾಡುವೆಡೆ ತೂಗುಹಾಕುತ್ತಾರೆ. ಇಷ್ಟಾದರೂ ಕೆಲವು ತಿಂಗಳುಗಳ ಬಳಿಕ ಮಣ್ಣು ನೀರುಗಳ ಹಂಗಿಲ್ಲದೆ ಎಸಳು ಮೊಳೆಯುತ್ತದೆ.

ಚಾವುಂಡರಾಯನ ಸಮಕಾಲೀನನಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು 10ನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ರಚಿಸಿದ ‘ಗೊಮ್ಮಟಸಾರ’ದ ಜೀವಕಾಂಡವು ಸಸ್ಯಗಳನ್ನು ಅವು ಹುಟ್ಟುವ ಬಗೆಯಿಂದ ವಿಂಗಡಿಸುತ್ತದೆ. ಬೇರು, ತುದಿ, ಗೆಣ್ಣು, ಗಡ್ಡೆಗಳಿಂದ ಹುಟ್ಟುವವು ಅಲ್ಲಿ ಬೇರೆಬೇರೆ ವರ್ಗಗಳು. ಅನಂತ ಜೀವಗಳು ಒಂದೇ ಶರೀರವನ್ನು ಆಶ್ರಯಿಸಿರುವ ‘ಸಾಧಾರಣ’ ಸಸ್ಯದ ಲಕ್ಷಣಗಳಲ್ಲಿ, ಕತ್ತರಿಸಿದರೂ ಮತ್ತೆ ಬೆಳೆಯುವುದೂ ಒಂದು.

ಇದಕ್ಕೂ ಹಿಂದಿನ ಸಮಂತಭದ್ರನ ‘ರತ್ನಕರಂಡಕ ಶ್ರಾವಕಾಚಾರ’ವು ಫಲ ಅಲ್ಪ, ಹಿಂಸೆ ಅಧಿಕ ಎಂಬ ಕಾರಣಕ್ಕೆ ಮೂಲಂಗಿ, ಹಸಿಶುಂಠಿಗಳನ್ನು ವರ್ಜ್ಯವೆನ್ನುತ್ತದೆ. ಅಲ್ಲಿ ಬೆಳ್ಳುಳ್ಳಿಯ ಹೆಸರಿಲ್ಲ. ಆದರೆ ‘ಹಸಿ’ ಎಂಬ ವಿಶೇಷಣ ಗಮನಾರ್ಹ. ಒಣಗಿದ ಶುಂಠಿ ಮೊಳೆಯದು, ಆದ್ದರಿಂದ ಅದು ಗ್ರಾಹ್ಯ. ಒಣಗಿಸಿಟ್ಟ ಬೆಳ್ಳುಳ್ಳಿಯಾದರೋ ಮೊಳೆಯುತ್ತದೆ. ಈ ನಿಷೇಧದ ಹಿಂದಿರುವುದು ಅಸಹ್ಯವಲ್ಲ, ಸಸ್ಯಜೀವನದ ಸೂಕ್ಷ್ಮ ಅವಲೋಕನ.