ಬಿಸಿ ಉಳಿಸಿ ಗಾಳಿ ಬದಲಿಸುವ ಮನೆ

ಚಳಿ ದೇಶಗಳಲ್ಲಿ ಶಾಖ ಸೋರದಂತೆ ಹೊಸ ಮನೆಯನ್ನು ಸಂದಿಲ್ಲದೆ ಮುಚ್ಚಿ ಕಟ್ಟುತ್ತಾರೆ. ಆಗ ಅಡುಗೆ, ಸ್ನಾನ, ಉಸಿರಾಟಗಳ ತೇವವೂ ಒಳಗೇ ಉಳಿದು ಗೋಡೆಗೆ ಬೂಷ್ಟು ಹಿಡಿಯುತ್ತದೆ. ಕಿಟಕಿ ತೆರೆದರೆ ಬಿಸಿ ನಷ್ಟ. ಈ ಇಕ್ಕಟ್ಟಿಗೆ ಪರಿಹಾರ ‘ಹೀಟ್ ರಿಕವರಿ ವೆಂಟಿಲೇಷನ್’. (ವರ್ಷದ ಬಹುಪಾಲು ಕಿಟಕಿ ತೆರೆದಿಡಬಹುದಾದ ಬೆಂಗಳೂರಿಗೆ ಗವಾಕ್ಷಿಯೇ ಸಾಕು.)

ಒಂದು ಫ್ಯಾನು ಅಡುಗೆಮನೆ, ಸ್ನಾನಗೃಹಗಳ ಬೆಚ್ಚನೆಯ ಗಾಳಿಯನ್ನು ಹೊರದಬ್ಬುತ್ತದೆ. ಇನ್ನೊಂದು ಮಲಗುವ ಕೋಣೆಗಳಿಗೆ ಹೊಸ ಗಾಳಿಯನ್ನು ತರುತ್ತದೆ. ತೆಳು ಹಾಳೆಗಳ ಎರಡು ಮಗ್ಗುಲಲ್ಲಿ ಇವು ಬೆರೆಯದೆ ಸಾಗುವಾಗ ಶಾಖ ಮಾತ್ರ ಕೈಬದಲಾಗುತ್ತದೆ.

1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ನಿರ್ಮಾಣಗೊಂಡ ನಾಲ್ಕು ಸಾಲುಮನೆಗಳಲ್ಲಿ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಫೈಸ್ಟ್ ಇದನ್ನು ಸಾಧಿಸಿ ತೋರಿಸಿದರು. ಸ್ವತಃ ಅಲ್ಲೇ ವಾಸಿಸಿದರು. ಅಲ್ಲಿಂದ ಬೆಳೆದ ‘ಪ್ಯಾಸಿವ್ ಹೌಸ್’ ಮಾನದಂಡದ ಪ್ರಕಾರ ಕನಿಷ್ಠ ಶೇ. 75ರಷ್ಟು ಶಾಖ ಮರಳಿ ದಕ್ಕಬೇಕು.

ಸ್ವಂತ ಮೇಲ್ವಿಚಾರಣೆಯಲ್ಲಿ ಮನೆ ಕಟ್ಟಿಸುವವರು ಎಡವುವುದು ಯಂತ್ರದ ಆಯ್ಕೆಗಿಂತ ಹೆಚ್ಚಾಗಿ ಕೊಳವೆಗಳ ದಾರಿಯಲ್ಲಿ. ತೊಲೆ, ಮೆಟ್ಟಿಲುಗಳು ಎದ್ದ ಮೇಲೆ ಕೊಳವೆ ತೂರಿಸಹೊರಟರೆ ತಿರುವುಗಳು ಹೆಚ್ಚುತ್ತವೆ, ಫ್ಯಾನು ಏದುಸಿರು ಬಿಡುತ್ತದೆ. ಸದ್ದು ತಾಳದೆ ಮನೆಯವರು ಸ್ವಿಚ್ಚು ಆರಿಸುತ್ತಾರೆ, ಬೂಷ್ಟು ಮರಳುತ್ತದೆ. ಆದ್ದರಿಂದ ಕೊಳವೆಗಳ ನಕ್ಷೆ ಮನೆಯ ನಕ್ಷೆಯೊಂದಿಗೇ ಸಿದ್ಧವಾಗಬೇಕು. ತಣ್ಣನೆಯ ಅಟ್ಟದಲ್ಲಿ ಹಾಯುವ ಕೊಳವೆಗೆ ಶಾಖನಿರೋಧಕ ಹೊದಿಕೆ, ಯಂತ್ರದಲ್ಲಿ ಹನಿಗಟ್ಟುವ ನೀರು ಹರಿದುಹೋಗಲು ದಾರಿ, ಕೋಣೆಯಿಂದ ಕೋಣೆಗೆ ಗಾಳಿ ಹಾಯಲು ಬಾಗಿಲಡಿಯಲ್ಲಿ ಸಂದು ಇರಲೇಬೇಕು. ಒಳಬರುವ, ಹೊರಹೋಗುವ ಗಾಳಿಯನ್ನು ಪ್ರತಿ ಕೋಣೆಯಲ್ಲೂ ಅಳೆದು ಸರಿದೂಗಿಸಿದ ಮೇಲೆಯೇ ಗುತ್ತಿಗೆದಾರನಿಗೆ ಕೊನೆಯ ಕಂತು ಕೊಡುವುದು ಲೇಸು. ಫಿಲ್ಟರುಗಳಂತೂ ಏಣಿಯಿಲ್ಲದೆ ಕೈಗೆ ಸಿಗುವಂತಿರಬೇಕು. ಇಲ್ಲವಾದರೆ ಅವನ್ನು ಬದಲಿಸುವವರಿರುವುದಿಲ್ಲ.