ಕಾರ್ಡು, ಗಡಿ, ಆಸ್ಪತ್ರೆ: ಕೊಟ್ಟೂರು ಸೀಮೆಯಲ್ಲಿ ಚಿಕಿತ್ಸೆಯ ಹಕ್ಕು

ಕೊಟ್ಟೂರು ಸೀಮೆಯ ಸರ್ಕಾರಿ ಆಸ್ಪತ್ರೆಗಳ ಚರಿತ್ರೆ ಮೈಸೂರು ಸಂಸ್ಥಾನದ್ದಲ್ಲ, ಮದ್ರಾಸ್ ಪ್ರಾಂತ್ಯದ್ದು. ಕೊಟ್ಟೂರು ಸೇರಿದ್ದ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯವರೆಗೂ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಲ್ಲಿ ಡಿಸ್ಪೆನ್ಸರಿ ನಡೆಸುವುದು, ದೇವಿ ಹಾಕಿಸುವುದು ಇವೆಲ್ಲ ಮುಖ್ಯವಾಗಿ ಸ್ಥಳೀಯ ಬೋರ್ಡುಗಳ ಪಾಲಿನ ಕೆಲಸವಾಗಿದ್ದವು. 1920ರ ಮದ್ರಾಸ್ ಸ್ಥಳೀಯ ಬೋರ್ಡುಗಳ ಕಾಯ್ದೆಯ ನಂತರ ಇವುಗಳಲ್ಲಿ ಚುನಾಯಿತ ಸದಸ್ಯರ ಬಲ ಹೆಚ್ಚಿತು. ಔಷಧ ಬೇಕೆಂದು ಪ್ರತಿನಿಧಿಯನ್ನು ಕೇಳುವ ರೂಢಿಗೆ ಹಾಗಾಗಿ ನೂರು ವರ್ಷದ ವಯಸ್ಸಿದೆ. ಹಳ್ಳಿಯಲ್ಲಿ ನೆಲೆಸುವ ವೈದ್ಯರಿಗೆ ಸಹಾಯಧನ ಕೊಡುವ ಕ್ರಮವನ್ನೂ ಮದ್ರಾಸ್ ಸರ್ಕಾರ 1920ರ ದಶಕದಲ್ಲೇ ಆರಂಭಿಸಿತ್ತು.

ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ಹೇಳಿತು. ಮೊದಲ ಹಂತವಾಗಿ 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂದೂ ಸೂಚಿಸಿತು. ಕೇಂದ್ರಗಳೇನೋ ಬಂದವು. ದೊಡ್ಡ ಕಾಯಿಲೆಗೆ ಮಾತ್ರ 1961ರಲ್ಲಿ ಶುರುವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬೇಕಿತ್ತು, ಇಲ್ಲವೇ ಹರಪನಹಳ್ಳಿ ದಾಟಿ ದಾವಣಗೆರೆಗೆ. ಜಿಲ್ಲಾ ಕೇಂದ್ರ ಒಂದು ದಿಕ್ಕಿಗಿದ್ದರೆ ಜನರ ಓಡಾಟ ಇನ್ನೊಂದು ದಿಕ್ಕಿಗಿತ್ತು.

ವಿಮೆಯ ದಾರಿ ತೆರೆದದ್ದು 2003ರಲ್ಲಿ, ಯಶಸ್ವಿನಿ ಯೋಜನೆಯಿಂದ. ಸಹಕಾರ ಸಂಘದ ಸದಸ್ಯ ವರ್ಷಕ್ಕೆ ತಲಾ 60 ರೂಪಾಯಿ ಕಟ್ಟಿದರೆ ಪಟ್ಟಿಯಲ್ಲಿದ್ದ ಶಸ್ತ್ರಚಿಕಿತ್ಸೆ ಆಗ ಉಚಿತವಾಗಿತ್ತು. ಶೇಂಗಾ, ಜೋಳ ಬೆಳೆಯುವ ಖುಷ್ಕಿ ಸೀಮೆಯಲ್ಲಿ ಸೊಸೈಟಿಯ ಸದಸ್ಯತ್ವ ಇದ್ದ ರೈತನಿಗೆ ಅದು ದೊಡ್ಡ ಆಸರೆಯೇ. ಅವನ ಹೊಲದಲ್ಲಿ ಕಳೆ ಕೀಳುವ ಕೂಲಿಯವಳಿಗೆ ಸೊಸೈಟಿಯೂ ಇರಲಿಲ್ಲ, ಯಶಸ್ವಿನಿಯೂ ಇರಲಿಲ್ಲ.

ಆ ಕೊರತೆ ನೀಗಿಸಲು 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂತು. ಬಿಪಿಎಲ್ ಕುಟುಂಬದವರು ವಂತಿಗೆ ಕಟ್ಟಬೇಕಾಗಿರಲಿಲ್ಲ. ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದಂಥ ಕಾಯಿಲೆಗಳಿಗೆ ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಅಗತ್ಯ ಬಿದ್ದರೆ ಇನ್ನೂ 50,000. ಆದರೆ ಮೊದಲ ಹಂತ ಗುಲಬರ್ಗಾ ವಿಭಾಗಕ್ಕಷ್ಟೇ. ಬಳ್ಳಾರಿ ಜಿಲ್ಲೆ ಆ ವಿಭಾಗದಲ್ಲಿದ್ದುದರಿಂದ ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ಕೊಟ್ಟೂರು ಒಳಗಾಯಿತು. ಪಕ್ಕದ ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿಹೋಗಿತ್ತಾದ್ದರಿಂದ ಹೊರಗುಳಿಯಿತು. ಒಂದೇ ಸಂತೆ, ಒಂದೇ ತೇರು, ಒಂದೇ ಬರ. ನಂಜುಂಡಪ್ಪ ಸಮಿತಿಯ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲೂ ಕೂಡ್ಲಿಗಿ, ಹರಪನಹಳ್ಳಿ ಎರಡೂ ಇದ್ದವು. ಆಪರೇಷನ್ನಿನ ಖರ್ಚು ಯಾರದೆಂಬುದನ್ನು ತೀರ್ಮಾನಿಸಿದ್ದು ಜಿಲ್ಲೆಯ ಗೆರೆ.

ಈ ಯೋಜನೆ ಜಾರಿಯಿದ್ದ ವಿಭಾಗದ ಗಡಿಯ ಇಕ್ಕೆಲದ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಸತ್ತವರ ಪ್ರಮಾಣ ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ 0.32, ಇಲ್ಲದ ಕಡೆ ಶೇ 0.90. ಬಡವರಲ್ಲದವರಲ್ಲಿ ಇಂಥ ಅಂತರ ಕಾಣಲಿಲ್ಲ. ಮನವಿ ಪತ್ರಗಳು ಹೇಳಲಾಗದ್ದನ್ನು ಈ ಎರಡು ಅಂಕಿಗಳು ಹೇಳಿದವು. ಯೋಜನೆ ಹಂತಹಂತವಾಗಿ ಉಳಿದ ವಿಭಾಗಗಳಿಗೂ ಹಬ್ಬಿತು.

ಹೈದರಾಬಾದ್ ಕರ್ನಾಟಕಕ್ಕೆ ಮೀಸಲು ಕೊಡುವ ಸಂವಿಧಾನದ 371 ಜೆ ವಿಧಿ ಜಾರಿಯಾದಾಗ ಅದೇ ಗೆರೆ ಮತ್ತೆ ಅಡ್ಡ ಬಂತು. ಮೀಸಲು ವೈದ್ಯಕೀಯ ಸೀಟು, ನೌಕರಿ ಬಳ್ಳಾರಿಗೆ ಉಂಟು, ಹರಪನಹಳ್ಳಿಗೆ ಇಲ್ಲ. ಹರಪನಹಳ್ಳಿಯ ಹೋರಾಟಗಾರರು, ಅಲ್ಲಿನ ಆಗಿನ ಶಾಸಕ ಎಂ.ಪಿ. ರವೀಂದ್ರ ಪಟ್ಟು ಹಿಡಿದರು; 2018ರಲ್ಲಿ ಸರ್ಕಾರ ತಾಲ್ಲೂಕನ್ನು ಬಳ್ಳಾರಿಗೆ ಮರಳಿಸಿತು. 2021ರಲ್ಲಿ ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲವೂ ವಿಜಯನಗರ ಜಿಲ್ಲೆಗೆ ಸೇರಿದವು.

ಎಲ್ಲರಿಗೂ ಆರೋಗ್ಯ ಎಂಬ ಮಾತನ್ನು ರಾಜ್ಯ ಸರ್ಕಾರ ಯೋಜನೆಯ ರೂಪಕ್ಕೆ ತಂದದ್ದೂ 2018ರಲ್ಲೇ, ಆರೋಗ್ಯ ಕರ್ನಾಟಕದ ಮೂಲಕ; ಅದೇ ವರ್ಷ ಅದು ಆಯುಷ್ಮಾನ್ ಭಾರತದೊಡನೆ ಬೆರೆಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ. ಉಳಿದವರಿಗೆ ಸರ್ಕಾರ ಭರಿಸುವುದು ನಿಗದಿತ ದರದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಬರಬೇಕು. ಅಲ್ಲಿ ಆಗದ ಚಿಕಿತ್ಸೆಗೆ ವೈದ್ಯರು ರೆಫರಲ್ ಪತ್ರ ಬರೆದ ಮೇಲೆಯೇ ಖಾಸಗಿ ಆಸ್ಪತ್ರೆ. ಪತ್ರ ಬರೆಯಬೇಕಾದ ತಜ್ಞರ ಹುದ್ದೆ ಖಾಲಿಯಿದ್ದರೆ ಕಾರ್ಡು ಜೇಬಿನಲ್ಲೇ ಉಳಿಯುತ್ತದೆ. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ವಿಮೆಗಿಂತ ಸರ್ಕಾರಿ ಆಸ್ಪತ್ರೆಯನ್ನೇ ಗಟ್ಟಿಮಾಡಿ ಎನ್ನುವುದು ಇದೇ ಕಾರಣಕ್ಕೆ. ಬಿಪಿ, ಸಕ್ಕರೆ ಕಾಯಿಲೆಯ ತಿಂಗಳ ಮಾತ್ರೆಗೆ ಹೇಗೂ ಈ ವಿಮೆ ಒದಗುವುದಿಲ್ಲ.

ಸಂವಿಧಾನದ ಪ್ರಕಾರ ಆಸ್ಪತ್ರೆಗಳು ರಾಜ್ಯಪಟ್ಟಿಯ ವಿಷಯ. ಹಾಗಾಗಿ ಒತ್ತಾಯ ಹೋಗಬೇಕಾದದ್ದು ಶಾಸಕರ ಬಳಿಗೆ. ಕೊಟ್ಟೂರು ವಿಧಾನಸಭಾ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. ಪಟ್ಟಣದ ಮನವಿ ಈಗ ಹಗರಿಬೊಮ್ಮನಹಳ್ಳಿಯ ಶಾಸಕರಿಗೆ ಸಲ್ಲುತ್ತದೆ.