ತೊಳೆಯುವ ಕೈ ಮತ್ತು ಕೇಳದ ಸದ್ದು: ಪ್ರಯೋಗಾಲಯದ ಪರಿಕರಗಳ ಶುಚೀಕರಣದ ಚರಿತ್ರೆ

ವಿಜ್ಞಾನದ ಚರಿತ್ರೆಯನ್ನು ಬರೆದವರು ಸಂಶೋಧಕರ ಹೆಸರನ್ನೂ ಅವರ ಸಿದ್ಧಾಂತಗಳನ್ನೂ ಶ್ರದ್ಧೆಯಿಂದ ದಾಖಲಿಸಿದ್ದಾರೆ. ಪ್ರಯೋಗ ಮುಗಿದ ಮೇಲೆ ಆ ಗಾಜಿನ ಪಾತ್ರೆಯನ್ನು ಯಾರು ತೊಳೆದರು, ಯಾವುದರಿಂದ ತೊಳೆದರು ಎಂಬುದು ಮಾತ್ರ ಬಹುಮಟ್ಟಿಗೆ ದಾಖಲೆಯ ಹೊರಗೇ ಉಳಿದಿದೆ. ಊಟದ ಚರಿತ್ರೆಗೂ ಇದೇ ಗತಿ. ದತ್ತಿ ಕೊಟ್ಟವರ, ಉಂಡವರ ಸುದ್ದಿ ಶಾಸನಗಳಲ್ಲಿ ಸಿಗುತ್ತದೆ; ಮುಸುರೆ ತಿಕ್ಕಿದವರ ಸುದ್ದಿ ಸಿಗುವುದು ಅಪರೂಪ. 1928ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟು ಹಿಡಿದ ತಟ್ಟೆಯೊಂದನ್ನು ಗಮನಿಸಿ ಪೆನಿಸಿಲಿನ್ನಿನ ಜಾಡು ಹಿಡಿದ ಪ್ರಸಂಗ ಪ್ರಸಿದ್ಧವಾದುದು. ಆ ತಟ್ಟೆ ಬೇಗನೆ ತೊಳೆಯುವವರ ಕೈಗೆ ಹೋಗಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ತೊಳೆಯುವ ಕೆಲಸ ಚರಿತ್ರೆಯಲ್ಲಿ ನೆನಪಾಗುವುದು ಹೀಗೆ, ಅದು ನಡೆಯದೆ ಹೋದಾಗ ಮಾತ್ರ.

ಜನಪದರ ಶುಚೀಕರಣ ಜ್ಞಾನವನ್ನು ಸಾಮಾನ್ಯವಾಗಿ ಮಡಿ-ಮೈಲಿಗೆಯ ಚೌಕಟ್ಟಿನಲ್ಲಿಟ್ಟು ಚರ್ಚಿಸುವುದು ವಾಡಿಕೆ. ಇದರಿಂದ ಆ ಜ್ಞಾನದ ಭೌತಿಕ ಮುಖ ಮರೆಯಾಗಿದೆ. ಒಲೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟಿನಂಥ ಕ್ಷಾರವಿದ್ದು ಅದು ಜಿಡ್ಡನ್ನು ಸಡಿಲಿಸುತ್ತದೆ. ಹುಣಸೆಹಣ್ಣಿನ ಹುಳಿ ತಾಮ್ರದ ಕಿಲುಬನ್ನು ಕರಗಿಸುತ್ತದೆ. ಅಕ್ಕಸಾಲಿಗರು ಆಭರಣಕ್ಕೆ ಹೊಳಪು ಕೊಡಲು ಬಳಸುತ್ತಿದ್ದ ಅಂಟುವಾಳಕಾಯಿಯ ನೊರೆ ನೀರಿನ ಬಿಗುವನ್ನು ತಗ್ಗಿಸಿ ಸಂದಿಗೊಂದಿಗಳಿಗೆ ಇಳಿಯುತ್ತದೆ. ತೆಂಗಿನ ನಾರು, ಇಟ್ಟಿಗೆ ಪುಡಿ, ಮರಳು ಉಜ್ಜುವ ಸಾಧನಗಳು. ಇವೆಲ್ಲಕ್ಕಿಂತ ಪ್ರಸ್ತುತ ವಿಷಯಕ್ಕೆ ಹತ್ತಿರವಾದದ್ದು ಮತ್ತೊಂದು ಉಪಾಯ. ಕೈಯಾಗಲಿ ನಾರಾಗಲಿ ಹೋಗದ ಕಿರಿದಾದ ಕತ್ತಿನ ಸೀಸೆಯನ್ನು ತೊಳೆಯಬೇಕಾದಾಗ, ಅದರೊಳಗೆ ಒಂದು ಹಿಡಿ ಅಕ್ಕಿಯನ್ನೋ ಮರಳನ್ನೋ ಹಾಕಿ, ನೀರು ಬೆರೆಸಿ, ಬಾಯಿ ಮುಚ್ಚಿ ಬಲವಾಗಿ ಕುಲುಕುವುದು. ಕೈಗೆ ಎಟುಕದ ಕಡೆಗೆ ಕೈಯ ಬಲವನ್ನು ಕಳಿಸುವ ಈ ಸರಳ ತಂತ್ರವೇ ಇಂದಿನ ಯಂತ್ರದ ಒಳಗಿರುವ ತತ್ತ್ವಕ್ಕೆ ಸಮೀಪದ ಬಂಧು.

ಪ್ರಯೋಗಾಲಯದ ಕೊಳೆ ಅಡುಗೆಮನೆಯ ಕೊಳೆಯಂತಲ್ಲ. ಅಲ್ಲಿ ಬೀಕರು ಕಣ್ಣಿಗೆ ಫಳಫಳ ಹೊಳೆದರೆ ಸಾಲದು. ಗಾಜಿನ ಮೇಲೆ ಹರಿಸಿದ ನೀರು ಹನಿಹನಿಯಾಗಿ ಒಡೆಯದೆ ಒಂದೇ ಸಮನಾದ ಪೊರೆಯಾಗಿ ನಿಲ್ಲಬೇಕು. ಹನಿಯೊಡೆದರೆ ಅಲ್ಲಿ ಜಿಡ್ಡಿದೆ ಎಂದರ್ಥ. ಫಾಸ್ಫೇಟುಳ್ಳ ಮಾರ್ಜಕದಿಂದ ತೊಳೆದ ಪಾತ್ರೆಯಲ್ಲಿ ಫಾಸ್ಫೇಟಿನ ಪ್ರಮಾಣವನ್ನು ಅಳೆದರೆ ಫಲಿತಾಂಶ ಸುಳ್ಳಾಗಬಹುದು. ಕಣ್ಣಿಗೆ ಕಾಣದೆಯೂ ಅಂಟಿಕೊಂಡಿದೆ ಎಂದು ಭಾವಿಸಲಾಗುವ ಸ್ಥಿತಿಗೆ ಕನ್ನಡದಲ್ಲಿ ‘ಎಂಜಲು’ ಎಂಬ ಮಾತಿದೆ. ಆಚಾರದ ಎಂಜಲಿಗೂ ಪ್ರಯೋಗಾಲಯದ ಈ ಶೇಷಕ್ಕೂ ಕಾರ್ಯಕಾರಣ ಸಂಬಂಧವಿಲ್ಲವೆಂಬುದು ನಿಜ. ಆದರೂ ಕಾಣದ ಕೊಳೆಯ ಕಲ್ಪನೆಯನ್ನು ಇಷ್ಟು ಚೆನ್ನಾಗಿ ಹಿಡಿದಿಡುವ ಪದ ಬೇರೊಂದಿಲ್ಲ.

ಈ ಕಾಣದ ಶೇಷವನ್ನು ತೆಗೆಯಲು ರಸಾಯನಶಾಸ್ತ್ರಜ್ಞರು ದೀರ್ಘಕಾಲ ನೆಚ್ಚಿಕೊಂಡಿದ್ದುದು ಪೊಟ್ಯಾಸಿಯಂ ಡೈಕ್ರೋಮೇಟನ್ನು ತೀಕ್ಷ್ಣ ಗಂಧಕಾಮ್ಲದಲ್ಲಿ ಕಲಸಿದ ಕಡುಗೆಂಪು ದ್ರಾವಣವನ್ನು. ‘ಕ್ರೋಮಿಕ್ ಆಮ್ಲ’ ಎಂದೇ ಕರೆಯಲಾಗುವ ಇದು ಸಾವಯವ ಕೊಳೆಯನ್ನು ಸುಟ್ಟು ತೆಗೆಯುತ್ತದೆ, ಚರ್ಮವನ್ನೂ ಬಟ್ಟೆಯನ್ನೂ ಬಿಡುವುದಿಲ್ಲ. ಅದರಲ್ಲಿರುವ ಷಡ್ವೇಲೆನ್ಸೀಯ ಕ್ರೋಮಿಯಂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿ ವರ್ಗೀಕರಿಸಿತು. ವಿಪರ್ಯಾಸವೆಂದರೆ ಶುಚಿಗೊಳಿಸಲು ಬಂದ ಕ್ರೋಮಿಯಮ್ಮೇ ಗಾಜಿಗೆ ಅಂಟಿ ಉಳಿದು ಸೂಕ್ಷ್ಮ ಜೈವಿಕ ಪ್ರಯೋಗಗಳನ್ನು ಕೆಡಿಸುತ್ತಿತ್ತು. ಈ ದ್ರಾವಣದ ಗುಣಗಾನ ಪ್ರಯೋಗ ಕೈಪಿಡಿಗಳಲ್ಲಿ ಹೇರಳವಾಗಿದೆ. ದಿನವೂ ಅದರ ತೊಟ್ಟಿಯ ಮುಂದೆ ನಿಂತ ಸಹಾಯಕರ ಅನುಭವ ಆ ಪುಟಗಳಲ್ಲಿಲ್ಲ. ಇದನ್ನು ಕೇವಲ ಮರೆವು ಎಂದು ಕರೆಯುವುದು ಕಷ್ಟ.

ಇದಕ್ಕೆ ಪರ್ಯಾಯವೊಂದು ಬಂದ ದಾರಿ ಮಾತ್ರ ಸ್ವಚ್ಛತೆಯ ದಾರಿಯಲ್ಲ, ಹಡಗುಗಳ ದಾರಿ. 1890ರ ದಶಕದ ಮೊದಲರ್ಧದಲ್ಲಿ ‘ಡೇರಿಂಗ್’ ಎಂಬ ಬ್ರಿಟಿಷ್ ಯುದ್ಧನೌಕೆ ಪರೀಕ್ಷಾ ಪಯಣದಲ್ಲಿ ನಿರೀಕ್ಷಿತ ವೇಗ ಮುಟ್ಟಲಿಲ್ಲ. ನೀರಿನೊಳಗೆ ಅತಿ ವೇಗವಾಗಿ ತಿರುಗುವ ಪಂಕಗಳ ಹಿಂದೆ ಒತ್ತಡ ಕುಸಿದು, ನೀರೇ ಹರಿದು ಪೊಳ್ಳುಗಳು ಹುಟ್ಟುತ್ತಿದ್ದುದು ಇದಕ್ಕೆ ಕಾರಣವೆಂದು ಥಾರ್ನಿಕ್ರಾಫ್ಟ್ ಮತ್ತು ಬಾರ್ನಬಿ 1895ರಲ್ಲಿ ವಿವರಿಸಿದರು. ‘ಕ್ಯಾವಿಟೇಶನ್’ ಎಂಬ ಹೆಸರು ಅದಕ್ಕೆ ಅಂಟಿತು. ಈ ಪೊಳ್ಳುಗಳು ಮರಳಿ ಕುಸಿಯುವಾಗ ಗಟ್ಟಿ ಲೋಹವನ್ನೂ ಹುಳ ತಿಂದ ಮರದಂತೆ ಕೊರೆಯಬಲ್ಲವು. 1917ರಲ್ಲಿ ಲಾರ್ಡ್ ರೇಲಿ ಗುಂಡಾದ ಪೊಳ್ಳೊಂದು ಕುಸಿಯುವಾಗ ಹುಟ್ಟುವ ಒತ್ತಡವನ್ನು ಲೆಕ್ಕಹಾಕಿ ತೋರಿಸಿದರು. ಸರಿಸುಮಾರು ಅದೇ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವಿನ್ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಸ್ಫಟಿಕಶಿಲೆಯ ಹಾಳೆಗಳನ್ನು ವಿದ್ಯುತ್ತಿನಿಂದ ಕಂಪಿಸಿ, ಕಿವಿಗೆ ಕೇಳದ ಧ್ವನಿಯನ್ನು ನೀರಿಗೆ ಬಿಡುತ್ತಿದ್ದರು. ಆ ಧ್ವನಿಯ ದಾರಿಗೆ ಸಮೀಪದಿಂದ ಸಿಕ್ಕ ಮೀನುಗಳು ಸತ್ತವು, ನೀರಿಗೆ ಇಳಿಸಿದ ಕೈಗೆ ನೋವಾಯಿತು. 1927ರಲ್ಲಿ ಅಮೆರಿಕದ ರಾಬರ್ಟ್ ವುಡ್ ಮತ್ತು ಆಲ್‌ಫ್ರೆಡ್ ಲೂಮಿಸ್ ತೀವ್ರ ಶ್ರವಣಾತೀತ ಧ್ವನಿಯ ಭೌತಿಕ ಮತ್ತು ಜೈವಿಕ ಪರಿಣಾಮಗಳನ್ನು ವಿಸ್ತಾರವಾಗಿ ಪ್ರಕಟಿಸಿದರು. ಕೊರೆಯುವ, ಕೊಲ್ಲುವ ಈ ಶಕ್ತಿಯನ್ನು ಹದವಾಗಿ ಬಳಸಿದರೆ ತೊಳೆಯಲೂ ಬಹುದೆಂಬ ಅರಿವು ಯಂತ್ರರೂಪ ಪಡೆದು ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಸ್ಥಾನವಿದೆ, ಆದರೆ ಅದು ತೊಳೆಯುವುದಕ್ಕೆ ಸಂಬಂಧಿಸಿದ್ದಲ್ಲ, ಕಾಣುವುದಕ್ಕೆ ಸಂಬಂಧಿಸಿದ್ದು. ಶ್ರವಣಾತೀತ ಅಲೆಗಳು ಹಾಯುತ್ತಿರುವ ದ್ರವದೊಳಗೆ ಬೆಳಕು ಪಟ್ಟಿಪಟ್ಟಿಯಾಗಿ ಚದುರುವುದನ್ನು 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸುಗಳಲ್ಲಿ ಕಂಡುಕೊಳ್ಳಲಾಗಿತ್ತು. ಅದಕ್ಕೆ ಸಮರ್ಪಕವಾದ ಗಣಿತೀಯ ವಿವರಣೆ ಕೊಟ್ಟವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್. 1935-36ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನಮಾಲೆ ಇಂದಿಗೂ ‘ರಾಮನ್-ನಾಥ್ ಸಿದ್ಧಾಂತ’ವೆಂದೇ ಪರಿಚಿತ. ಅದಕ್ಕೂ ಮೊದಲೇ ಮೃದಂಗದ ನಾದವನ್ನು ಶೋಧಿಸಿದ್ದ ರಾಮನ್ ಕೇಳದ ನಾದದ ಕಡೆಗೂ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಯಂತ್ರದ ವಿಚಾರ. ಉಕ್ಕಿನ ತೊಟ್ಟಿ, ಅದರ ತಳಕ್ಕೆ ಹೊರಗಿನಿಂದ ಬಿಗಿದ ಕಂಪಕಗಳು, ರೂಪ ಇಷ್ಟೇ. ಸೆಕೆಂಡಿಗೆ ಸಾಮಾನ್ಯವಾಗಿ 20 ಸಾವಿರದಿಂದ 40 ಸಾವಿರ ಸಲದ ಕಂಪನಕ್ಕೆ ದ್ರವದಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ, ಹಿಗ್ಗಿ, ಕುಸಿಯುತ್ತವೆ. ಮೇಲ್ಮೈಯ ಬಳಿ ಕುಸಿಯುವ ಗುಳ್ಳೆಯಿಂದ ನೀರಿನ ಸಣ್ಣ ಎಳೆಯೊಂದು ಬಾಣದಂತೆ ಗಾಜಿಗೆ ಬಡಿದು ಕೊಳೆಯನ್ನು ಎಬ್ಬಿಸುತ್ತದೆ. ಪಿಪೆಟ್ಟಿನ ಒಡಲಿಗಾಗಲಿ ಶಸ್ತ್ರಚಿಕಿತ್ಸೆಯ ಇಕ್ಕುಳದ ಕೀಲಿಗಾಗಲಿ ಬ್ರಷ್ಷು ತೂರದು, ಈ ಗುಳ್ಳೆ ತೂರುತ್ತದೆ. ಸೀಸೆಯೊಳಗೆ ಕುಲುಕಿದ ಮರಳಿನ ಕೆಲಸವನ್ನೇ ಇದು ಮಾಡುತ್ತದೆ. ಕೆಲಸ ಮುಗಿದ ಮೇಲೆ ಮರಳನ್ನು ಹೊರಗೆ ತೆಗೆಯುವ ತಾಪತ್ರಯವಿಲ್ಲ.

ಆದರೆ ಯಂತ್ರ ಬಂತು, ಕೈಯ ಅರಿವು ಹೋಯಿತು ಎಂಬ ರೂಢಿಯ ತೀರ್ಮಾನ ಇಲ್ಲಿ ಹೊಂದುವುದಿಲ್ಲ. ಹೊಸದಾಗಿ ತುಂಬಿದ ನೀರಿನಲ್ಲಿ ಗಾಳಿ ಕರಗಿರುತ್ತದೆ, ಅದು ಗುಳ್ಳೆಯ ಪೆಟ್ಟನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಕೆಲವು ನಿಮಿಷ ತೊಟ್ಟಿಯನ್ನು ಬರಿದೆ ನಡೆಸಿ ಗಾಳಿಯನ್ನು ಬಿಡಿಸಬೇಕು. ಪಾತ್ರೆಯನ್ನು ತಳಕ್ಕೆ ತಾಗಿಸದೆ ಬುಟ್ಟಿಯಲ್ಲಿ ತೂಗಬಿಡಬೇಕು. ಮೊದಲೇ ಗೀರುಬಿದ್ದ ಗಾಜು ಒಡೆಯಬಹುದು. ಹೊತ್ತಿಕೊಳ್ಳುವ ದ್ರಾವಕವನ್ನು ತೊಟ್ಟಿಗೆ ಸುರಿಯಬಾರದು. ಶಸ್ತ್ರಗಳ ಮೇಲಿನ ರಕ್ತವನ್ನು ಒಣಗಲು ಬಿಡಬಾರದು, ಬಿಸಿನೀರು ಅತಿಯಾದರೆ ಅದರ ಪ್ರೋಟೀನು ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತದೆ. ತೊಳೆದದ್ದು ಕ್ರಿಮಿರಹಿತವಾದಂತೆ ಅಲ್ಲ. ಅವು ಆಮೇಲೆ ಆಟೋಕ್ಲೇವಿಗೆ ಹೋಗಲೇಬೇಕು. ತೊಟ್ಟಿಯ ಕಸುವು ಕುಂದಿದೆಯೇ ಎಂದು ನೋಡಲು ಬಳಕೆಯಲ್ಲಿರುವ ಪರೀಕ್ಷೆಯಂತೂ ಅಡುಗೆಮನೆಯಿಂದಲೇ ಎರವಲು ತಂದಂತಿದೆ. ಅಲ್ಯೂಮಿನಿಯಂ ಹಾಳೆಯ ಒಂದು ತುಂಡನ್ನು ನೀರಿನಲ್ಲಿ ನೆಟ್ಟಗೆ ಇಳಿಬಿಟ್ಟು ಸ್ವಲ್ಪ ಹೊತ್ತು ಯಂತ್ರ ನಡೆಸಿ ಹೊರತೆಗೆಯುತ್ತಾರೆ. ಹಾಳೆಯ ತುಂಬ ಸಣ್ಣ ತೂತುಗಳೂ ಗುಳಿಗಳೂ ಸಮನಾಗಿ ಬಿದ್ದಿದ್ದರೆ ತೊಟ್ಟಿ ಸರಿಯಾಗಿದೆ. ಒಂದು ಕಡೆ ಹಾಳೆ ನುಣ್ಣಗೆ ಉಳಿದಿದ್ದರೆ ಆ ಜಾಗಕ್ಕೆ ಸದ್ದು ಮುಟ್ಟುತ್ತಿಲ್ಲ, ಅಲ್ಲಿಟ್ಟ ಪಾತ್ರೆ ತೊಳೆಯದೆ ಉಳಿಯುತ್ತದೆ.